ಪ್ಲಗ್-ಇನ್ ಹೈಬ್ರಿಡ್‌ಗೆ ಕೇಬಲ್ ತಗೊಳ್ಳುವ ಮುಂಚೆ ಮನೆ ಗೋಡೆ ನೋಡಿ

ಪ್ಲಗ್-ಇನ್ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಪ್ಲಗ್ ಹಾಕಿ ತುಂಬಿಸುವ ಬ್ಯಾಟರಿಯೂ ಇರುವ ಕಾರು ಇಟ್ಟುಕೊಂಡವರು 32 ಆಂಪ್ಸ್ ಚಾರ್ಜಿಂಗ್ ಕೇಬಲ್ ತಗೊಳ್ಳಬೇಡಿ. ಅಂಗಡಿಯವರು ಏನೇ ಹೇಳಲಿ, ಯೂಟ್ಯೂಬ್‌ನಲ್ಲಿ ಯಾರು ಏನೇ ತೋರಿಸಲಿ, ಬೇಡ. ಮಲೆನಾಡಿನ ಹಳ್ಳಿ ಮನೆಯಲ್ಲಿ ಚಾರ್ಜ್ ಮಾಡುವವರಿಗಂತೂ ಖಂಡಿತ ಬೇಡ. ನಿಮಗೆ ಬೇಕಾಗಿರುವುದು 16 ಆಂಪ್ಸ್‌ವರೆಗೆ ಹೋಗುವ, ಆದರೆ 6ಕ್ಕೆ, 8ಕ್ಕೆ, 10ಕ್ಕೆ ಇಳಿಸಲು ಬರುವ ಒಂದು ಸಾಧಾರಣ ಕೇಬಲ್. ಉಳಿದ ದುಡ್ಡನ್ನು ಗೋಡೆಗೆ ಹಾಕಿ, ಅಂದರೆ ಸಾಕೆಟ್ಟಿಗೆ, ವೈರಿಗೆ, ಅರ್ಥಿಂಗಿಗೆ. ಯಾಕೆ ಅಂತ ಉದ್ದಕ್ಕೆ ಬರೆದಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಶಿವಮೊಗ್ಗದಲ್ಲಿ ಮನೆ ವೈರಿಂಗ್ ಕೆಲಸ ಹಿಡಿದು ಮಾಡಿಸುವವನು. ಅಕ್ಕನ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗಿ ಒಳಗೆ ತಿರುಗಿದರೆ ಸಿಗುವ ಊರಲ್ಲಿ. ಭಾವನಿಗೆ ಅಡಿಕೆ ತೋಟ, ಜೊತೆಗೆ ಕಾರಿನ ಹುಚ್ಚು. ಬೆಂಗಳೂರಿನಿಂದ ಯುರೋಪಿನ ಒಂದು ದೊಡ್ಡ ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದರು. ಪೆಟ್ರೋಲ್ ಎಂಜಿನ್ನೂ ಇದೆ, ಚಾರ್ಜ್ ಮಾಡಿಕೊಳ್ಳುವ ಬ್ಯಾಟರಿಯೂ ಇದೆ. ಕೇಬಲ್ ಮಾತ್ರ ಇರಲಿಲ್ಲ. ಹಳೆಯ ಓನರನ್ನು ಕೇಳಿದರೆ ಎಲ್ಲಿಟ್ಟಿದ್ದೇನೋ ನೆನಪಿಲ್ಲ ಅಂದರಂತೆ, ಅವರು ಪೂರ್ತಿ ಪೆಟ್ರೋಲಿನಲ್ಲೇ ಓಡಿಸಿಕೊಂಡಿದ್ದರಂತೆ. ಇದೇನೂ ಅಪರೂಪ ಅಲ್ಲ. ಪ್ಲಗ್-ಇನ್ ಹೈಬ್ರಿಡ್ ತಗೊಂಡು ಪ್ಲಗ್ ಹಾಕದೇ ಓಡಿಸುವವರು ಎಲ್ಲ ದೇಶದಲ್ಲೂ ಇದ್ದಾರೆ.

ಊರಲ್ಲಿ ಸುಮಾರು ಜನ ಬಂದು ನೋಡಿ, ನಮ್ಮ ಹೈಬ್ರಿಡ್‌ಗೆ ಇಂಥ ತೂತು ಇಲ್ಲವಲ್ಲ ಅಂತ ಕೇಳಿದ್ದೂ ಆಯಿತು. ಇನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ ಇವುಗಳ ಹೈಬ್ರಿಡ್‌ನಲ್ಲಿ ಹೊರಗಿನಿಂದ ಚಾರ್ಜ್ ಮಾಡಲು ಜಾಗವೇ ಇಲ್ಲ. ಎಂಜಿನ್ನು ಮತ್ತು ಬ್ರೇಕಿನಿಂದ ಬರುವ ಶಕ್ತಿಯಲ್ಲೇ ಅದರ ಸಣ್ಣ ಬ್ಯಾಟರಿ ತುಂಬಿಕೊಳ್ಳುತ್ತದೆ. ಅವು ನಿಮ್ಮ ಹತ್ತಿರ ಇದ್ದರೆ ಈ ಬರಹ ನಿಮಗಲ್ಲ, ಆರಾಮಾಗಿರಿ.

ಈಗ ವಿಷಯಕ್ಕೆ ಬರೋಣ. ಚಾರ್ಜರ್ ಇರುವುದು ಕಾರಿನೊಳಗೆ. ಕೇಬಲ್ಲಿನ ನಡುವೆ ಇರುವ ಡಬ್ಬಿ ಮನೆಯ ಎಸಿ ಕರೆಂಟನ್ನು ಹಾಗೇ ಕಾರಿಗೆ ದಾಟಿಸುತ್ತದೆ, ಬ್ಯಾಟರಿಗೆ ಬೇಕಾದ ಡಿಸಿ ಮಾಡಿಕೊಳ್ಳುವ ಕೆಲಸ ಕಾರಿನದು. ಅನೇಕ ಪ್ಲಗ್-ಇನ್ ಹೈಬ್ರಿಡ್‌ಗಳ ಒಳಗಿನ ಚಾರ್ಜರ್ 3.3ರಿಂದ 3.7 ಕಿಲೋವಾಟ್ ಮಾತ್ರ ಎಳೆಯುತ್ತದೆ. 230 ವೋಲ್ಟ್ ಲೆಕ್ಕದಲ್ಲಿ ಅದು ಹೆಚ್ಚೆಂದರೆ 16 ಆಂಪ್ಸ್. ಬಿಎಂಡಬ್ಲ್ಯೂ ಎಕ್ಸ್‌ಎಂ ಥರದ ಕೆಲವು ಗಾಡಿಗಳು 7.4 ಕಿಲೋವಾಟ್ ಎಳೆಯುತ್ತವೆ. ಭಾವನದು 3.7ರದ್ದು. ಅದಕ್ಕೆ 32 ಆಂಪ್ಸ್ ಕೇಬಲ್ ಹಾಕಿದರೆ, ಅಡಿಕೆ ಸುಲಿಯುವವರು ಇಬ್ಬರೇ ಇರುವಾಗ ಅಂಗಳದಲ್ಲಿ ಹತ್ತಾಳಿನ ಕೆಲಸದ ಗೊನೆ ತಂದು ಸುರಿದ ಹಾಗೆ. ಅವರು ಸುಲಿಯುವಷ್ಟೇ ಸುಲಿಯುತ್ತಾರೆ.

ಅದಕ್ಕೆ ಮೊದಲು ಮಾಡಬೇಕಾದ್ದು, ಕಾರಿನ ಕೈಪಿಡಿಯಲ್ಲಿ ಆನ್-ಬೋರ್ಡ್ ಚಾರ್ಜರ್, ಅಂದರೆ ಈ ಒಳಗಿನ ಚಾರ್ಜರ್, ಎಷ್ಟು ಕಿಲೋವಾಟ್ ಅಂತ ನೋಡುವುದು. ಬ್ರೋಷರ್‌ನ ದೊಡ್ಡಕ್ಷರದಲ್ಲಿ ಅಲ್ಲ, ಹಿಂದಿನ ಪುಟದ ಸಣ್ಣಕ್ಷರದಲ್ಲಿ ಇರುತ್ತದೆ.

ಡಬ್ಬಿಗೂ ಕಾರಿಗೂ ನಡುವೆ ಒಂದು ಮಾತುಕತೆ ನಡೆಯುತ್ತದೆ, ಅದು ಗೊತ್ತಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಈಗ ಮಾರುವ ಕಾರುಗಳಲ್ಲಿ ಮಾಮೂಲಾಗಿ ಇರುವುದು ಟೈಪ್ 2 ಕನೆಕ್ಟರ್. ಕೇಬಲ್ಲಿನ ಕಾರಿಗೆ ಸಿಕ್ಕಿಸುವ ತುದಿಗೆ ಗನ್ ಅನ್ನುತ್ತಾರೆ, ಅದರ ಮುಖ ನೋಡಿ. ಮೇಲಂಚು ಚಪ್ಪಟೆ, ಉಳಿದದ್ದು ದುಂಡಗೆ, ಒಳಗೆ ಏಳು ತೂತು. ಮೇಲಿನ ಎರಡು ಸಣ್ಣವು, ಉಳಿದ ಐದು ದೊಡ್ಡವು. ಸಿಂಗಲ್ ಫೇಸ್ ಕೇಬಲ್ ಆದರೆ ಕೆಳಗಿನ ಎರಡು ದೊಡ್ಡ ತೂತಿನೊಳಗೆ ಪಿನ್ನೇ ಇರದಿರಬಹುದು. ಭಾವ ಟಾರ್ಚ್ ಬಿಟ್ಟು ನೋಡಿ, "ಎಂತ ಮಾರಾಯ, ಇದರಲ್ಲಿ ಎರಡು ಪಿನ್ನೇ ಇಲ್ಲ, ವಾಪಸ್ ಕೊಡುವ" ಅಂದರು. ಅದು ಸರಿಯಾಗೇ ಇದೆ. ಆ ಎರಡು ತೂತು ತ್ರೀ ಫೇಸ್‌ಗೆ, ಸಿಂಗಲ್ ಫೇಸ್ ಚಾರ್ಜರ್ ಇರುವ ಕಾರಿಗೆ ಅವು ಇದ್ದರೂ ಒಂದೇ ಬಿಟ್ಟರೂ ಒಂದೇ. ಮೇಲಿನ ಸಣ್ಣ ಎರಡರಲ್ಲಿ ಒಂದು ಕಂಟ್ರೋಲ್ ಪೈಲಟ್. ಡಬ್ಬಿ ಅದರಲ್ಲಿ ಸೆಕೆಂಡಿಗೆ ಸಾವಿರ ಸಲ ಒಂದು ಸಣ್ಣ ಸಿಗ್ನಲ್ ಕಳಿಸುತ್ತದೆ, ಆ ಸಿಗ್ನಲ್ ಎಷ್ಟು ಹೊತ್ತು ಮೇಲಿರುತ್ತದೆ ಎನ್ನುವುದರಿಂದ ಕಾರಿಗೆ ಎಷ್ಟು ಆಂಪ್ಸ್ ಎಳೆಯಬಹುದು ಅಂತ ಗೊತ್ತಾಗುತ್ತದೆ. ನೂರರಲ್ಲಿ 10 ಪಾಲು ಮೇಲಿದ್ದರೆ 6 ಆಂಪ್ಸ್, 17 ಪಾಲು ಇದ್ದರೆ ಸುಮಾರು 10, 27 ಪಾಲು ಇದ್ದರೆ 16. ಡಬ್ಬಿ ಹೇಳಿದ್ದಕ್ಕಿಂತ ಜಾಸ್ತಿ ಕಾರು ಎಳೆಯುವ ಹಾಗಿಲ್ಲ. ಈ ಪದ್ಧತಿಯಲ್ಲಿ ತೀರಾ ಕಡಿಮೆ ಅಂದರೆ 6 ಆಂಪ್ಸ್, ಅದಕ್ಕೇ ಯಾವ ಕೇಬಲ್ ತಗೊಂಡರೂ ಅದಕ್ಕಿಂತ ಕೆಳಗಿನ ಸೆಟ್ಟಿಂಗ್ ಸಿಗುವುದಿಲ್ಲ.

ಈ 6 ಆಂಪ್ಸ್ ಅಂದರೆ ನಮ್ಮ ಜನಕ್ಕೆ ಒಂದು ತಾತ್ಸಾರ. ಲೆಕ್ಕ ಹಾಕಿ ನೋಡೋಣ. ಭಾವನ ಕಾರಿನ ಬ್ಯಾಟರಿಗೆ ಸುಮಾರು 10 ಯೂನಿಟ್ ತುಂಬುತ್ತದೆ. ಚಾರ್ಜ್ ಆಗುವಾಗ ಸ್ವಲ್ಪ ಬಿಸಿಯಾಗಿ ಹೋಗುತ್ತದೆ, ಗೋಡೆಯಿಂದ 11–12 ಯೂನಿಟ್ ಬೇಕು ಅಂದುಕೊಳ್ಳಿ. 16 ಆಂಪ್ಸ್‌ನಲ್ಲಿ ಮೂರು ಗಂಟೆ ಮೇಲೆ ಸ್ವಲ್ಪ. 10ರಲ್ಲಿ ಐದು ಗಂಟೆ. 6ರಲ್ಲಿ ಎಂಟು ಗಂಟೆ ಮೇಲೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿಯುವಷ್ಟರಲ್ಲಿ ತುಂಬಿರುತ್ತದೆ. ಭಾವ ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬಂದು, ತಿಂಡಿ ತಿಂದು, ತೀರ್ಥಹಳ್ಳಿ ಪೇಟೆಗೆ ಹೊರಡುವುದು ಹತ್ತು ಗಂಟೆಗೆ. ಇವರಿಗೆ ಮೂರು ಗಂಟೆಯಲ್ಲಿ ಚಾರ್ಜ್ ಆಗಿ ಏನಾಗಬೇಕು? ಪೂರ್ತಿ ಎಲೆಕ್ಟ್ರಿಕ್ ಕಾರು ಆದರೆ ಮಾತು ಬೇರೆ, ಅದರಲ್ಲಿ 40, 50, 70 ಯೂನಿಟ್ ತುಂಬಬೇಕು, ಅದಕ್ಕೆ 7 ಕಿಲೋವಾಟ್ ಬೇಕೇ ಬೇಕು. ಹೈಬ್ರಿಡ್‌ಗೆ ಬ್ಯಾಟರಿ ಸಣ್ಣದು, ರಾತ್ರಿ ದೊಡ್ಡದು. ಅಷ್ಟಕ್ಕೂ ತುಂಬದಿದ್ದರೆ ಪೆಟ್ರೋಲ್ ಇದೆಯಲ್ಲ ಸ್ವಾಮಿ, ದಾರೀಲಿ ನಿಲ್ಲುವ ಭಯವೇ ಇಲ್ಲ.

ಹಾಗಾದರೆ ಗೋಡೆ.

ಭಾವ ಕಾರು ನಿಲ್ಲಿಸುವುದು ಹಳೆಯ ಕೊಟ್ಟಿಗೆಯಲ್ಲಿ. ದನ ಕಡಿಮೆಯಾದ ಮೇಲೆ ಅರ್ಧ ಕೊಟ್ಟಿಗೆ ಕಾರ್ ಶೆಡ್ ಆಗಿದೆ. ಅಲ್ಲಿ ಒಂದು ಪವರ್ ಪ್ಲಗ್ ಇತ್ತು, ಯಾವುದೋ ಕಾಲದಲ್ಲಿ ಹುಲ್ಲು ಕತ್ತರಿಸುವ ಮೆಷಿನ್‌ಗೆ ಹಾಕಿಸಿದ್ದು. "ಇದೇ ಸಾಕು, ಮೂರು ಪಿನ್ನಿನದ್ದೇ ಅಲ್ವಾ" ಅಂದರು. ಮೇನ್ ಆಫ್ ಮಾಡಿ ಪ್ಲೇಟ್ ಬಿಚ್ಚಿದೆ. ಒಳಗೆ ಇರುವೆ ಗೂಡು, ಅದರ ಹಿಂದೆ 1.5 ಸ್ಕ್ವೇರ್ ಎಂಎಂನ ತೆಳು ವೈರು. ಫೇಸ್ ಕಡೆಯ ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ಆ ಸ್ಕ್ರೂ ಹತ್ತಿರ ವೈರಿನ ಕೆಂಪು ಬಣ್ಣ ಕಂದಾಗಿ, ಉಗುರು ತಾಗಿಸಿದರೆ ಹಪ್ಪಳದ ಚೂರಿನಂತೆ ಉದುರಿತು. ಅರ್ಥ್ ಪಿನ್ನಿಗೆ ಒಂದು ಹಸಿರು ವೈರು ಬಂದಿತ್ತು, ಅದರ ಇನ್ನೊಂದು ತುದಿ ಪಕಾಸಿನ ಮೇಲೆ ಸುಮ್ನೆ ಸುತ್ತಿಟ್ಟಿತ್ತು. ಎಲ್ಲಿಗೂ ಹೋಗಿರಲಿಲ್ಲ.

ಇಂಥ ಪ್ಲಗ್ಗಿಗೆ ಮಿಕ್ಸಿ ಹಾಕಿದರೆ ಏನೂ ಆಗುವುದಿಲ್ಲ. ಗೀಸರ್ ಹಾಕಿದರೂ ಇಪ್ಪತ್ತು ನಿಮಿಷದಲ್ಲಿ ಆಫ್ ಆಗುತ್ತದೆ, ಸಾಕೆಟ್ ತಣ್ಣಗಾಗುತ್ತದೆ. ಕಾರು ಹಾಗಲ್ಲ, ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತದೆ, ನೀವು ಮಲಗಿರುವಾಗ, ಪಕ್ಕದಲ್ಲಿ ಒಣ ಹುಲ್ಲಿನ ರಾಶಿ ಇರುವಾಗ. ಸಡಿಲ ಸ್ಕ್ರೂ ಇರುವ ಜಾಗದಲ್ಲಿ ಹುಟ್ಟುವ ಬಿಸಿ ಆಂಪ್ಸ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. 16ರ ವರ್ಗ 256, 10ರ ವರ್ಗ 100. ಅಂದರೆ 16ರಿಂದ 10ಕ್ಕೆ ಇಳಿಸಿದರೆ ಆ ಜಾಗದ ಬಿಸಿ ನೂರರಲ್ಲಿ ನಲವತ್ತಕ್ಕೆ ಇಳಿಯುತ್ತದೆ. 6ಕ್ಕೆ ಇಳಿಸಿದರೆ ಹದಿನಾಲ್ಕಕ್ಕೆ. ಆಂಪ್ಸ್ ಇಳಿಸಲು ಬರುವ ಕೇಬಲ್ಲೇ ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಯುರೋಪಿನ ಅನೇಕ ಕಾರು ಕಂಪನಿಗಳೂ ಮನೆ ಪ್ಲಗ್ಗಿಗೆ ಕೊಡುವ ಕೇಬಲ್ಲನ್ನು 10 ಆಂಪ್ಸ್‌ಗೇ ನಿಲ್ಲಿಸುತ್ತವೆ, ಅವರ ವೈರಿಂಗ್ ನಮ್ಮ ಕೊಟ್ಟಿಗೆಯ ವೈರಿಂಗಿಗಿಂತ ಒಳ್ಳೆಯದಿದ್ದರೂ.

ನಾವು ಮಾಡಿದ್ದು ಇಷ್ಟು. ಮೇನ್ ಬೋರ್ಡಿನಿಂದ ನೇರವಾಗಿ ಶೆಡ್ಡಿಗೆ ಬೇರೆಯೇ ಲೈನ್, 4 ಸ್ಕ್ವೇರ್ ಎಂಎಂ ತಾಮ್ರ, ಪೈಪಿನೊಳಗೆ. 20 ಆಂಪ್ಸ್ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್. 30 ಮಿಲಿಆಂಪ್ಸ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್. ಈ ಆರ್‌ಸಿಸಿಬಿ ತರುವಾಗ ಒಂದು ಗಮನ ಇರಲಿ, ಅಂಗಡಿಯಲ್ಲಿ ಕೇಳದೇ ಇದ್ದರೆ ಟೈಪ್ ಎಸಿ ಕೊಡುವುದೇ ಜಾಸ್ತಿ, ಕಾರಿಗೆ ಟೈಪ್ ಎ ಕೇಳಿ ತಗೊಳ್ಳಿ. ಡಬ್ಬಿಯೊಳಗೇ ಸೋರಿಕೆ ಹಿಡಿಯುವ ವ್ಯವಸ್ಥೆ ಇರುತ್ತದೆ, ಆದರೆ ಅದು ಡಬ್ಬಿಯಿಂದ ಕಾರಿನ ಕಡೆಗೆ ಮಾತ್ರ ಕಾಯುತ್ತದೆ. ಡಬ್ಬಿಯ ಹಿಂದಿನ ಸಾಕೆಟ್ಟು, ವೈರು ಇವನ್ನು ಕಾಯಲು ಬೋರ್ಡಿನಲ್ಲಿ ಇನ್ನೊಂದು ಬೇಕು.

ಅರ್ಥಿಂಗ್ ದೊಡ್ಡ ಕತೆ. ನಮ್ಮ ಕಡೆ ಜಂಬಿಟ್ಟಿಗೆಯ ನೆಲ. ಮಳೆಗಾಲದಲ್ಲಿ ಅರ್ಥ್ ಚೆನ್ನಾಗೇ ಇರುತ್ತದೆ, ಮಾರ್ಚ್ ಬಂತೆಂದರೆ ನೆಲ ಒಣಗಿ ಕೈಕೊಡುತ್ತದೆ. ಚಾರ್ಜಿಂಗ್ ಡಬ್ಬಿಗಳು ಅರ್ಥ್ ಇದೆಯೋ ಇಲ್ಲವೋ ಅಂತ ಮೊದಲು ಪರೀಕ್ಷೆ ಮಾಡುತ್ತವೆ, ಸರಿಯಿಲ್ಲ ಅಂದರೆ ಕೆಂಪು ದೀಪ ಹಾಕಿ ಕೂತುಬಿಡುತ್ತವೆ. ಡಿಸೆಂಬರ್‌ನಲ್ಲಿ ನೆಟ್ಟಗಿದ್ದದ್ದು ಏಪ್ರಿಲ್‌ನಲ್ಲಿ ಚಾರ್ಜ್ ಆಗುತ್ತಿಲ್ಲ ಅಂತ ಫೋನ್ ಬಂದರೆ ನಾನು ಕೇಬಲ್ ನೋಡುವ ಮೊದಲು ಅರ್ಥಿಂಗ್ ಗುಂಡಿ ನೋಡುತ್ತೇನೆ. ಅಕ್ಕನ ಮನೆಯಲ್ಲಿ ಹೊಸ ಗುಂಡಿ ತೋಡಿದ್ದು ಬಚ್ಚಲು ನೀರು ಬಾಳೆ ಬುಡಕ್ಕೆ ಹೋಗುವ ಕಡೆ. ಅಲ್ಲಿ ವರ್ಷವಿಡೀ ತೇವ. ಶೆಡ್‌ನಿಂದ ಸ್ವಲ್ಪ ದೂರ ಆಯಿತು, ವೈರು ಜಾಸ್ತಿ ಹಿಡಿಯಿತು, ಪರವಾಗಿಲ್ಲ. ಕೆಲಸ ಮುಗಿದ ಮೇಲೆ ಬಲ್ಬ್ ಹಚ್ಚಿ ತೋರಿಸಿ "ನೋಡಿ, ಅರ್ಥ್ ಬಂತು" ಅನ್ನುವವರನ್ನು ನಂಬಬೇಡಿ. ಅರ್ಥ್ ಟೆಸ್ಟರ್ ಹಿಡಿದು ಓಮ್ ಎಷ್ಟು ಅಂತ ಅಳೆದು ಹೇಳುವವರನ್ನು ಕರೆಸಿ.

ಕೆಂಪು ದೀಪ ಹೋಗಬೇಕು ಅಂತ ಕೆಲವರು ಒಂದು ಕೆಲಸ ಮಾಡುತ್ತಾರೆ, ನೋಡಿದರೆ ಮೈ ಉರಿಯುತ್ತದೆ. ಪ್ಲಗ್ಗಿನೊಳಗೆ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರ್ ಕಟ್ಟುವುದು. ಅದನ್ನೇ ಪುಟ್ಟ ಅಡಾಪ್ಟರ್ ಮಾಡಿ ಆನ್‌ಲೈನ್‌ನಲ್ಲಿ ಮಾರುವವರೂ ಇದ್ದಾರೆ. ಡಬ್ಬಿ ಅರ್ಥ್ ಸಿಕ್ಕಿತು ಅಂದುಕೊಂಡು ಹಸಿರು ದೀಪ ಹಾಕುತ್ತದೆ. ಈಗ ಗಾಳಿಗೆ ಒಂದು ಮರ ಬಿದ್ದು ಲೈನಿನ ನ್ಯೂಟ್ರಲ್ ತುಂಡಾಯಿತು ಅಂದುಕೊಳ್ಳಿ, ಮಲೆನಾಡಿನಲ್ಲಿ ಇದು ಪ್ರತಿ ಮಳೆಗಾಲದ ಮಾತು. ಫೇಸ್ ಮನೆಯೊಳಗಿನ ಯಾವುದಾದರೂ ಬಲ್ಬಿನ ಮೂಲಕ ನ್ಯೂಟ್ರಲ್ಲಿಗೆ ಬರುತ್ತದೆ, ಅಲ್ಲಿಂದ ಆ ತುಂಡು ವೈರಿನ ಮೂಲಕ ಕಾರಿನ ಬಾಡಿಗೆ ಬರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಮಗು ಡೋರ್ ಹ್ಯಾಂಡಲ್ ಹಿಡಿಯುತ್ತದೆ. ಇದಕ್ಕಿಂತ ಪೆಟ್ರೋಲಿನಲ್ಲಿ ಓಡಿಸಿಕೊಂಡಿರಿ.

ಅದೇ ಸಾಲಿನದ್ದು ಇನ್ನೊಂದು: ಯುರೋಪಿನ ಎರಡು ದುಂಡು ಕಡ್ಡಿಯ ಪ್ಲಗ್ ಇರುವ ಕೇಬಲ್ ಯಾರೋ ನೆಂಟರು ಹೊರದೇಶದಿಂದ ತಂದುಕೊಡುತ್ತಾರೆ. ಅದರಲ್ಲಿ ಅರ್ಥ್ ಇರುವುದು ಪ್ಲಗ್ಗಿನ ಪಕ್ಕದ ಲೋಹದ ಪಟ್ಟಿಯಲ್ಲಿ. ನಮ್ಮ ಮೂರು ಪಿನ್ನಿನ ಸಾಕೆಟ್ಟಿಗೆ ಟ್ರಾವೆಲ್ ಅಡಾಪ್ಟರ್ ಮೂಲಕ ಸಿಕ್ಕಿಸಿದರೆ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಆ ಪಟ್ಟಿ ಎಲ್ಲೂ ತಾಗುವುದಿಲ್ಲ. ಪುಕ್ಕಟೆ ಸಿಕ್ಕಿತು ಅಂತ ತಗೊಳ್ಳಬೇಡಿ. ನಮ್ಮ 16 ಆಂಪ್ಸ್‌ನ ದಪ್ಪ ಪಿನ್ನಿನ ಪ್ಲಗ್ ಕಾರ್ಖಾನೆಯಲ್ಲೇ ಅಚ್ಚು ಹಾಕಿ ಬಂದಿರಬೇಕು.

ಗೋಡೆ ಸರಿಯಾದ ಮೇಲೆ ಡಬ್ಬಿ ಆರಿಸುವುದು. ಇಲ್ಲಿ ಮಲೆನಾಡಿನವರು ನೋಡಬೇಕಾದ ಒಂದು ಸಂಗತಿ ಇದೆ, ಅದನ್ನು ಬೆಂಗಳೂರಿನವರ ವಿಡಿಯೋಗಳಲ್ಲಿ ನಾನು ಕಂಡಿಲ್ಲ. ಕರೆಂಟು ಹೋಗಿ ಬಂದಾಗ ಡಬ್ಬಿ ಏನು ಮಾಡುತ್ತದೆ? ಕೆಲವು ಡಬ್ಬಿಗಳು ಕರೆಂಟು ಬಂದ ಕೂಡಲೇ ತಾವೇ ಶುರು ಮಾಡಿಕೊಳ್ಳುತ್ತವೆ. ಕೆಲವು ಬಟನ್ ಒತ್ತುವವರೆಗೆ ಸುಮ್ಮನಿರುತ್ತವೆ, ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಖಾಲಿ. ಇನ್ನು ಕೆಲವು ಇವೆ, ಇವು ಅಪಾಯ: ನೀವು 8 ಆಂಪ್ಸ್‌ಗೆ ಇಟ್ಟಿರುತ್ತೀರಿ, ಕರೆಂಟು ಹೋಗಿ ಬಂದರೆ ಅದನ್ನು ಮರೆತು 16ರಿಂದ ಶುರು ಮಾಡುತ್ತವೆ. ಆಷಾಢದಲ್ಲಿ ಒಂದು ರಾತ್ರಿಗೆ ಎಷ್ಟು ಸಲ ಕರೆಂಟು ಹೋಗಿ ಬರುತ್ತದೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಶರಾವತಿ ವಿದ್ಯುದಾಗಾರ ಒಂದರಲ್ಲೇ 1035 ಮೆಗಾವಾಟ್ ತಯಾರು ಮಾಡುವ ಸಾಮರ್ಥ್ಯ ಇದೆ, ಅದೂ ನಮ್ಮ ಜಿಲ್ಲೆಯಲ್ಲಿ, ದೀಪದ ಬುಡದಲ್ಲೇ ಕತ್ತಲೆ. ಏನು ಮಾಡುವುದು, ಕಾಡಿನ ನಡುವೆ ಲೈನು, ಮರ ಬೀಳದೇ ಇರುತ್ತದಾ.

ಆದ್ದರಿಂದ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಕಾರು ತಗೊಂಡು ಹೋಗಿ, ಕೇಬಲ್ ಹಾಕಿ, 8ಕ್ಕೆ ಇಡಿ, ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ. ಎಷ್ಟಕ್ಕೆ ಬಂತು ನೋಡಿ. ನಾನು ನೋಡಿದ ಮೊದಲನೆಯದು, ಟಚ್ ಬಟನ್‌ದು, ಚಂದದ ಸ್ಕ್ರೀನ್ ಇದ್ದದ್ದು, 16ಕ್ಕೆ ಹಾರಿತು. ಅಂಗಡಿಯ ಹುಡುಗ "ಸರ್, ಆಮೇಲೆ ಕಮ್ಮಿ ಮಾಡ್ಕೋಬಹುದು" ಅಂದ. ರಾತ್ರಿ ಎರಡು ಗಂಟೆಗೆ ಯಾರಪ್ಪ ಎದ್ದು ಕಮ್ಮಿ ಮಾಡುವುದು? ಎರಡನೆಯದರಲ್ಲಿ ಸ್ಕ್ರೀನ್ ಇಲ್ಲ, ನಾಲ್ಕು ಸಣ್ಣ ದೀಪ, ಬದಿಯಲ್ಲಿ ತಿರುಗಿಸುವ ಸ್ವಿಚ್. ಸ್ವಿಚ್ ಎಲ್ಲಿ ನಿಂತಿದೆಯೋ ಅಲ್ಲೇ ನಿಂತಿರುತ್ತದೆ, ಅದಕ್ಕೆ ಮರೆವು ಇಲ್ಲ. ಅದನ್ನೇ ತಗೊಂಡೆವು. ಕಾರಿನ ಸ್ಕ್ರೀನಿನಲ್ಲೂ ಆಂಪ್ಸ್ ಇಳಿಸುವ ಆಯ್ಕೆ ಇದ್ದರೆ ಅದನ್ನೂ ಇಳಿಸಿಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಡೆಯುತ್ತದೆ.

ವೋಲ್ಟೇಜ್ ಇನ್ನೊಂದು. ಅಡಿಕೆ ಸುಗ್ಗಿಯಲ್ಲಿ ಸುಲಿಯುವ ಮೆಷಿನ್‌ಗಳು ಊರಿಡೀ ಓಡುವಾಗ ಅಕ್ಕನ ಮನೆಯಲ್ಲಿ ಸಂಜೆ 190ರ ಆಸುಪಾಸು ಬರುತ್ತದೆ. ಡಬ್ಬಿಯ ಕೈಪಿಡಿಯಲ್ಲಿ ಕಡಿಮೆ ಅಂದರೆ ಎಷ್ಟು ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ ಅಂತ ಬರೆದಿರುತ್ತದೆ, ಆ ಅಂಕಿ ತೀರಾ ಮೇಲಿದ್ದರೆ ಅದು ನಮಗೆ ಆಗುವುದಿಲ್ಲ. ಆದಷ್ಟು ರಾತ್ರಿ ಹನ್ನೊಂದರ ಮೇಲೆ ಶುರುವಾಗುವ ಹಾಗೆ ಕಾರಿನಲ್ಲೇ ಟೈಮ್ ಇಟ್ಟುಬಿಡಿ, ಆಗ ವೋಲ್ಟೇಜೂ ಏರಿರುತ್ತದೆ. ಜನರೇಟರ್‌ನಲ್ಲಿ ಚಾರ್ಜ್ ಮಾಡಬಹುದಾ ಅಂತ ಭಾವ ಕೇಳಿದರು. ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ಲಿಗೆ ಅರ್ಥ್ ಸಂಬಂಧ ಇಲ್ಲದಿರುವುದೇ ಜಾಸ್ತಿ, ಡಬ್ಬಿ ಒಪ್ಪುವುದಿಲ್ಲ. ಒಪ್ಪಿದರೂ ಎಣ್ಣೆ ಸುಟ್ಟು ಕರೆಂಟು ಮಾಡಿ ಬ್ಯಾಟರಿ ತುಂಬಿಸುವುದಕ್ಕಿಂತ ಕಾರಿಗೇ ಪೆಟ್ರೋಲ್ ಹಾಕುವುದು ಒಳ್ಳೆಯದಲ್ವಾ ಭಾವ, ಅಂದೆ. ನಕ್ಕು ಸುಮ್ಮನಾದರು.

ಮಳೆ ಬಗ್ಗೆ ಎಲ್ಲರೂ ಹೆದರುತ್ತಾರೆ, ಆದರೆ ಹೆದರುವ ಜಾಗ ತಪ್ಪು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯ ನೆರೆಯಲ್ಲಿ ಇದ್ದುಕೊಂಡು ಹೆದರದೇ ಇರುವುದೂ ಕಷ್ಟ ಬಿಡಿ. ಗನ್ ಕಾರಿಗೆ ಕೂತ ಮೇಲೆ ಅದು ಮಳೆಗೆ ತಡೆಯುವಂತೆಯೇ ಮಾಡಿರುತ್ತಾರೆ, ಸರಿಯಾಗಿ ಕೂತು ಮಾತುಕತೆ ಮುಗಿಯುವವರೆಗೆ ಪಿನ್ನಿಗೆ ಕರೆಂಟೇ ಬರುವುದಿಲ್ಲ. ಡಬ್ಬಿಯ ಮೇಲೆ ಐಪಿ 65, ಐಪಿ 67 ಅಂತ ಬರೆದಿರುತ್ತದೆ, ನೀರು ಧೂಳು ಎಷ್ಟು ತಡೆಯುತ್ತದೆ ಅನ್ನುವ ದರ್ಜೆ ಅದು, ಅದೂ ನಿಜವಿರಬಹುದು. ಆದರೆ ಆ ನಂಬರ್ ಡಬ್ಬಿಯದು. ಗೋಡೆಗೆ ಸಿಕ್ಕಿಸುವ ಮೂರು ಪಿನ್ನಿನ ಪ್ಲಗ್ಗಿಗೆ ಅದು ಅನ್ವಯಿಸುವುದಿಲ್ಲ. ಇರಚಲು ಹೊಡೆಯುವ ಗೋಡೆಯಲ್ಲಿ ಸಾಕೆಟ್ ಇದ್ದರೆ ಐಪಿ 67 ತಗೊಂಡು ಪ್ರಯೋಜನ ಏನು? ಸಾಕೆಟ್ಟನ್ನು ಒಳಗೋಡೆಗೆ, ಎದೆಮಟ್ಟಕ್ಕೆ, ಮುಚ್ಚಳ ಇರುವ ಸಾಕೆಟ್ ಬಾಕ್ಸಿನೊಳಗೆ ಹಾಕಿಸಿ. ಮುಚ್ಚಳ ಬೇಕು ಅಂದದ್ದು ನೀರಿಗೆ ಮಾತ್ರ ಅಲ್ಲ. ಕುಂಬಾರ ಹುಳ ಒಂದು ವಾರ ಖಾಲಿ ಇದ್ದ ಸಾಕೆಟ್ ತೂತಿನಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟಿಬಿಡುತ್ತದೆ, ಅದರ ಮೇಲೇ ಪ್ಲಗ್ ಒತ್ತಿದರೆ ಪಿನ್ನು ಅರ್ಧವೇ ಕೂರುತ್ತದೆ, ಅರ್ಧ ಕೂತ ಪಿನ್ನು ಬಿಸಿಯಾಗುತ್ತದೆ. ಗನ್ನಿನ ಬಾಯಿಗೂ ರಬ್ಬರ್ ಮುಚ್ಚಳ ಇರುತ್ತದೆ, ಕಳೆದುಕೊಳ್ಳಬೇಡಿ.

ಏಪ್ರಿಲ್-ಮೇ ಗುಡುಗಿಗೆ ಮಾತ್ರ ಉಪಾಯ ಒಂದೇ, ಪ್ಲಗ್ ಕಿತ್ತಿಡುವುದು. ಟಿವಿ ಕೇಬಲ್ ಕೀಳುವಾಗ ಇದನ್ನೂ ಕಿತ್ತರೆ ಆಯಿತು. ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದೇವೆ, ಹಾಗಂತ ಆ ಕಾರಿನೊಳಗಿನ ಚಾರ್ಜರ್ ಬೆಲೆ ನೆನೆಸಿಕೊಂಡರೆ ಕೀಳುವುದೇ ವಾಸಿ.

ಉದ್ದದ ವಿಷಯಕ್ಕೆ ಬಂದರೆ, ಐದು ಮೀಟರ್ ಸಾಮಾನ್ಯವಾಗಿ ಸಿಗುವುದು. ಅಳೆಯುವಾಗ ಗೋಡೆಯಿಂದ ಕಾರಿಗೆ ನೇರ ಗೆರೆ ಎಳೆಯಬೇಡಿ. ಅಡಿಕೆ ಗೊನೆಗೆ ಕಟ್ಟುವ ಹಗ್ಗ ತಗೊಂಡು ಸಾಕೆಟ್ಟಿನಿಂದ ನೆಲಕ್ಕೆ ಇಳಿಸಿ, ಗೋಡೆ ಬದಿಯಲ್ಲೇ ಬಿಟ್ಟು, ಕಾರನ್ನು ಸುತ್ತಿ ಬಂದು ಚಾರ್ಜಿಂಗ್ ಬಾಗಿಲವರೆಗೆ ಎತ್ತಿ ಅಳೆಯಿರಿ, ಮೇಲೆ ಒಂದು ಮೀಟರ್ ಸೇರಿಸಿ. ಕಾರನ್ನು ಹಿಮ್ಮುಖ ನಿಲ್ಲಿಸಿದರೆ ಅಳತೆಯೇ ಬದಲಾಗುತ್ತದೆ, ಮೊದಲು ಅದನ್ನು ನೋಡಿ. ಸಿಕ್ಕಾಪಟ್ಟೆ ಉದ್ದ ತಗೊಂಡು ಚಾರ್ಜ್ ಆಗುವಾಗ ಸುರುಳಿ ಸುತ್ತಿಟ್ಟರೆ ಒಳಗಿನ ಸುತ್ತು ಬಿಸಿಯಾಗುತ್ತದೆ, ಎಕ್ಸ್‌ಟೆನ್ಷನ್ ಬೋರ್ಡ್ ಮಾತಂತೂ ಎತ್ತಬೇಡಿ. ಎಲ್ಲರೂ ಗನ್ ಕಡೆಯ ಉದ್ದ ಕೇಳುತ್ತಾರೆ, ಪ್ಲಗ್‌ನಿಂದ ಡಬ್ಬಿವರೆಗಿನ ಬಾಲ ಎಷ್ಟುದ್ದ ಅಂತ ಯಾರೂ ಕೇಳುವುದಿಲ್ಲ. ಅದು ಗೇಣುದ್ದ ಇದ್ದರೆ ಡಬ್ಬಿ ಪ್ಲಗ್ಗಿಗೆ ಜೋತುಬಿದ್ದು ದಿನವೂ ಪಿನ್ನನ್ನು ಕೆಳಗೆ ಎಳೆಯುತ್ತಿರುತ್ತದೆ. ಗೋಡೆಗೆ ಒಂದು ಕೊಕ್ಕೆ ಹೊಡೆದು ಡಬ್ಬಿಯ ಭಾರ ಅದರ ಮೇಲೆ ಬಿಡಿ. ಕೇಬಲ್ಲನ್ನೂ ನೆಲದ ಮೇಲೆ ಬಿಡದೆ ಅದೇ ಕೊಕ್ಕೆಗೆ ಹಾಕಿ, ಕೊಟ್ಟಿಗೆ ಅಂದ ಮೇಲೆ ಹೆಗ್ಗಣ ಇದ್ದೇ ಇರುತ್ತದೆ.

ಡಬ್ಬಿಯ ಹಿಂದಿನ ಲೇಬಲ್ ಓದಿ. ಐಇಸಿ 62752 ಅಂತ ಇರಬೇಕು, ಅದು ಮನೆ ಪ್ಲಗ್ಗಿನ ಚಾರ್ಜಿಂಗ್ ಕೇಬಲ್‌ನ ಮಾನದಂಡ. ಗನ್ನಿಗೆ ಐಇಸಿ 62196. ಬರೀ ಸಿಇ ಮುದ್ರೆ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಕೆಲವು ಚೀನಾದ ಜಿಬಿ/ಟಿ ಮಾನದಂಡದ ಗನ್ನಿನವು, ನೋಡಲು ಒಂದೇ ಥರ, ನಮ್ಮ ಕಾರಿಗೆ ಕೂರುವುದಿಲ್ಲ.

"32 ತಗೊಂಡರೆ ಮುಂದೆ ಎಲೆಕ್ಟ್ರಿಕ್ ಕಾರು ಬಂದಾಗ ಆಗುತ್ತದಲ್ಲ" ಅನ್ನುವವರಿಗೆ: 32ರ ಕೇಬಲ್ ನಿಮ್ಮ ಮನೆಯ 16 ಆಂಪ್ಸ್ ಸಾಕೆಟ್ಟಿಗೆ ಹಾಕುವಂಥದ್ದಲ್ಲ, ಅದಕ್ಕೆ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಬೇಕು, 6 ಸ್ಕ್ವೇರ್ ಎಂಎಂ ವೈರ್ ಬೇಕು, ಸ್ಯಾಂಕ್ಷನ್ ಲೋಡ್, ಅಂದರೆ ಮನೆಗೆ ಮಂಜೂರಾದ ಕರೆಂಟಿನ ಮಿತಿ, ಏರಿಸಬೇಕು. ಅಷ್ಟೆಲ್ಲ ಮಾಡುವ ಕಾಲ ಬಂದಾಗ ಗೋಡೆಗೆ ಕೂರಿಸುವ ವಾಲ್ ಬಾಕ್ಸ್ ತಗೊಳ್ಳಿ, ಇವತ್ತೇ ಯಾಕೆ ದಪ್ಪ ಹೆಬ್ಬಾವಿನಂಥ ಕೇಬಲ್ ಸುತ್ತಿ ಸುತ್ತಿ ಡಿಕ್ಕಿಗೆ ಹಾಕುವ ಕಷ್ಟ. ಎರಡೂ ತುದಿ ಟೈಪ್ 2 ಇರುವ ಇನ್ನೊಂದು ಕೇಬಲ್ ಬರುತ್ತದೆ, ಹೊರಗಿನ ಎಸಿ ಚಾರ್ಜರ್‌ಗಳಿಗೆ. ಹೈವೇಯಲ್ಲಿರುವ ಡಿಸಿ ಫಾಸ್ಟ್ ಚಾರ್ಜರ್ ಹೆಚ್ಚಿನ ಹೈಬ್ರಿಡ್‌ಗಳಿಗೆ ಹಿಡಿಸುವುದೇ ಇಲ್ಲ, ಎಸಿ ಸಿಕ್ಕರೂ ಗಂಟೆಗಟ್ಟಲೆ ಕಾಯಬೇಕು. ಮಂಗಳೂರಿನ ಮಾಲ್‌ನಲ್ಲಿ ಅರ್ಧ ದಿನ ಕಳೆಯುವವರಿಗೆ ಇರಲಿ. ಭಾವನಿಗೆ ಬೇಡ ಅಂದೆ.

ಇನ್ನು ಕರೆಂಟ್ ಬಿಲ್. ಅಕ್ಕನ ತಕರಾರು ಇಲ್ಲೇ. ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ ಅವಳ ಮನೆಗೆ ಸೊನ್ನೆ ಬಿಲ್ ಬರುತ್ತಿತ್ತು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರಿಗೆ ರಾತ್ರಿಗೆ 12 ಯೂನಿಟ್ ಅಂದರೆ ತಿಂಗಳಲ್ಲಿ ಇಪ್ಪತ್ತು ರಾತ್ರಿಗೆ ಅದೇ 240. "ಇಷ್ಟು ದೊಡ್ಡ ಕಾರು ತಂದು ಪುಕ್ಕಟೆ ಕರೆಂಟು ಕಳೆದರಲ್ಲ" ಅಂತ ಅವಳು. ನಾನು ಕಾಗದದ ಮೇಲೆ ಬರೆದು ತೋರಿಸಿದೆ. ಒಂದು ಸಲ ತುಂಬಿದರೆ ಬ್ಯಾಟರಿಯಲ್ಲಿ 35 ಕಿಲೋಮೀಟರ್ ಅಂದುಕೊಂಡರೂ ಇಪ್ಪತ್ತು ರಾತ್ರಿಗೆ 700 ಕಿಲೋಮೀಟರ್. ಆ ಗಾಡಿ ಪೆಟ್ರೋಲಿನಲ್ಲಿ ಲೀಟರಿಗೆ ಹತ್ತು ಕೊಟ್ಟರೆ ದೊಡ್ಡದು, ಅಂದರೆ 70 ಲೀಟರ್, ಏಳು ಸಾವಿರ ರೂಪಾಯಿ ಮೇಲೆ. ಮನೆಯದ್ದೂ ಕಾರಿನದ್ದೂ ಸೇರಿ 350 ಯೂನಿಟ್ ಆದರೂ ಯೂನಿಟ್ಟಿಗೆ ಆರು ರೂಪಾಯಿ ಲೆಕ್ಕದಲ್ಲಿ ಎರಡು ಸಾವಿರ ಚಿಲ್ಲರೆ. ಭಾವನಿಗೆ ಲೆಕ್ಕ ಒಪ್ಪಿಗೆಯಾಯಿತು. ಅಕ್ಕನಿಗೆ ಇನ್ನೂ ಆಗಿಲ್ಲ, ಮೀಟರ್ ಓದುವವರು ಬರುವ ವಾರ ಕಾರಿನ ಪ್ಲಗ್ ಕಿತ್ತಿಟ್ಟಿರುತ್ತಾಳೆ.